ಬಾರ್‌ಕೋಡ್ ಕತ್ತರಿಸಿದ ಮೇಲೆ

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಯಂಗ್ ಅಮೆರಿಕ ಅಂತ ಒಂದು ಪುಟ್ಟ ಊರಿತ್ತು. 1997ರಲ್ಲಿ ಪಕ್ಕದ ನಾರ್‌ವುಡ್ ಜೊತೆ ಸೇರಿಸಿದ ಮೇಲೆ ನಾರ್‌ವುಡ್ ಯಂಗ್ ಅಮೆರಿಕ ಆಯಿತು. ಪ್ರವಾಸಿಗರು ಹುಡುಕಿಕೊಂಡು ಹೋಗುವ ಜಾಗವೇನಲ್ಲ. ಆದರೂ 2000ದ ಆಚೀಚೆ ಅಮೆರಿಕದಲ್ಲಿದ್ದು ಕಂಪ್ಯೂಟರ್ ಸಾಮಾನು ಕೊಂಡ ಕನ್ನಡಿಗರಿಗೆ ಆ ಊರಿನ ಹೆಸರು ಗೊತ್ತಿರತ್ತೆ, ಕೆಲವರಿಗೆ ಪಿನ್‌ಕೋಡ್ ಕೂಡ: 55555. ಹಾರ್ಡ್ ಡಿಸ್ಕಿನ ಡಬ್ಬದಿಂದ ಕತ್ತರಿಸಿದ ಬಾರ್‌ಕೋಡಿನ ರಟ್ಟಿನ ಚೂರನ್ನು ಲಕೋಟೆಗೆ ಹಾಕಿ, ಸ್ಟಾಂಪ್ ಅಂಟಿಸಿ, ಮನಸ್ಸಿನಲ್ಲೇ ಕೈಮುಗಿದು ಕಳಿಸುತ್ತಿದ್ದದ್ದು ಅಲ್ಲಿಗೆ. ಅಲ್ಲಿಗಲ್ಲದಿದ್ದರೆ ಟೆಕ್ಸಸ್‌ನ ಎಲ್ ಪಾಸೋಗೆ. ರಿಬೇಟ್ ಲಕೋಟೆಗಳನ್ನು ಒಡೆದು, ಪರಿಶೀಲಿಸಿ, ಚೆಕ್ ಕಳಿಸುವುದೇ ಕಸುಬಾಗಿದ್ದ ಕಂಪನಿಗಳು ಆ ಊರುಗಳಲ್ಲಿದ್ದವು.

ಮೇಲ್-ಇನ್ ರಿಬೇಟ್ ಅಂದ್ರೆ ಏನು ಅಂತ ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು. ಜಾಲತಾಣದಲ್ಲಿ ಒಂದು 120 ಜಿಬಿ ಹಾರ್ಡ್ ಡಿಸ್ಕ್ ಇದೆ ಅನ್ನಿ. ದಪ್ಪ ಅಕ್ಷರದಲ್ಲಿ ಬೆಲೆ 79.99 ಡಾಲರ್. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, 'ರಿಬೇಟ್ ಕಳೆದ ನಂತರ'. ಕಾರ್ಡಿನಿಂದ ಹೋಗುವುದು 129.99. ಉಳಿದ 50 ಡಾಲರ್ ವಾಪಸ್ ಬೇಕು ಅಂದ್ರೆ ಫಾರ್ಮ್ ಪ್ರಿಂಟ್ ತೆಗೆದು, ತುಂಬಿ, ರಸೀತಿಯ ಪ್ರತಿ ಇಟ್ಟು, ಡಬ್ಬದ ಮೇಲಿನ ಬಾರ್‌ಕೋಡನ್ನು ಕತ್ತರಿಸಿ ಕಳಿಸಬೇಕು. ಜೆರಾಕ್ಸ್ ನಡೆಯಲ್ಲ, ಅಸಲೇ ಆಗಬೇಕು. ಇಂಥ ತಾರೀಖಿನೊಳಗೆ ಅಂಚೆಯ ಮುದ್ರೆ ಬಿದ್ದಿರಬೇಕು. ಆರರಿಂದ ಎಂಟು ವಾರದಲ್ಲಿ ಚೆಕ್ ಬರತ್ತೆ. ಬಂದರೆ. ಮೂಗಿಗೆ ತುಪ್ಪ ಸವರುವುದು ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನಂತೂ ಕಂಡಿಲ್ಲ.

ಈ ಉಪಾಯ ಕಂಪ್ಯೂಟರಿನವರು ಕಂಡುಹಿಡಿದದ್ದಲ್ಲ. 1975ರ ಜನವರಿಯಲ್ಲಿ ಮಾರಾಟವಾಗದೆ ನಿಂತಿದ್ದ ಕಾರುಗಳನ್ನು ಖಾಲಿ ಮಾಡಲು ಕ್ರೈಸ್ಲರ್ ಕಂಪನಿ, ಬೇಸ್‌ಬಾಲ್ ಆಟಗಾರನಾಗಿದ್ದ ಜೋ ಗರಾಜಿಯೋಲನನ್ನು ಟಿವಿಯಲ್ಲಿ ನಿಲ್ಲಿಸಿ, ಕಾರು ಕೊಳ್ಳಿ, ಚೆಕ್ ತಗೊಳ್ಳಿ ಅಂತ ಕೂಗಿಸಿತ್ತು. ಕಾರಿಗೆ 200ರಿಂದ 400 ಡಾಲರ್. ಬೆಲೆಯನ್ನೇ ಇಳಿಸಬಹುದಿತ್ತಲ್ಲ? ಇಳಿಸಿದ ಬೆಲೆಯನ್ನು ಮತ್ತೆ ಏರಿಸಿದರೆ ಜನ ಬೈತಾರೆ. ರಿಬೇಟ್ ನಿಂತರೆ ಯಾರೂ ಬೈಯಲ್ಲ, ಅಯ್ಯೋ ತಪ್ಪಿಹೋಯ್ತಲ್ಲ ಅಂತ ತಮ್ಮನ್ನೇ ಬೈದುಕೊಳ್ತಾರೆ. ಅಂಚೆಯ ರಿಬೇಟಿನಲ್ಲಿ ಇನ್ನೂ ಒಂದು ಲಾಭ ಇತ್ತು. ಕೊಂಡವರೆಲ್ಲ ಲಕೋಟೆ ಕಳಿಸುವುದಿಲ್ಲ. ಕೆಲವರು ಮರೀತಾರೆ, ಕೆಲವರು ರಸೀತಿ ಕಳೀತಾರೆ, ಕೆಲವರು ಒಂದು ಸಹಿ ಬಿಟ್ಟು ತಿರಸ್ಕೃತರಾಗ್ತಾರೆ. ಇದಕ್ಕೆ ಆ ವ್ಯಾಪಾರದಲ್ಲಿ ಬ್ರೇಕೇಜ್ ಅಂತ ಹೆಸರೇ ಇತ್ತು. ಚೆಕ್ ಬಂದರೂ ಜಾಹೀರಾತಿನ ಕಾಗದ ಅಂತ ತಿಳಿದು ಬುಟ್ಟಿಗೆ ಎಸೆದರೆ ಅದು ಸ್ಲಿಪ್ಪೇಜ್. ಮರೆವಿಗೆ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಮ್ಮು ಅಂದ್ರೆ ಯೋಚಿಸಿ.

ಹಾರ್ಡ್ ಡಿಸ್ಕಿಗೆ ಈ ಪದ್ಧತಿ ಹೇಳಿ ಮಾಡಿಸಿದ ಹಾಗಿತ್ತು. ಆ ವರ್ಷಗಳಲ್ಲಿ 40 ಜಿಬಿ 80 ಆಗಿ, 80 ಹೋಗಿ 120, 160 ಆಗುತ್ತಿತ್ತು. ಗೋದಾಮಿನಲ್ಲಿ ಕೂತ ಡಿಸ್ಕು ಮಾರ್ಕೆಟ್ಟಿನ ಸೊಪ್ಪಿನ ಹಾಗೆ, ಸಂಜೆಯ ಹೊತ್ತಿಗೆ ಬಾಡುವ ಸರಕು. ಅಂಗಡಿಗೆ ಕೊಟ್ಟ ಸಗಟು ಬೆಲೆ ಮುಟ್ಟದೆ ಕೊಳ್ಳುವವನ ಕಣ್ಣಿಗೆ ಮಾತ್ರ ಅಗ್ಗ ಮಾಡಲು ರಿಬೇಟಿಗಿಂತ ಸುಲಭದ ದಾರಿ ಇರಲಿಲ್ಲ.

ನಮ್ಮವರು ಇದರಲ್ಲಿ ಪಳಗಿದ ರೀತಿಗೇ ಒಂದು ಅಧ್ಯಾಯ ಬರೀಬೇಕು. ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ವರು ಬ್ರಹ್ಮಚಾರಿಗಳು, ನಾಲ್ವರಿಗೂ ಊರಿಗೆ ಒಯ್ಯಲು ಹಾರ್ಡ್ ಡಿಸ್ಕ್ ಬೇಕು. ಎಸ್‌ಪಿ ರೋಡಿನಲ್ಲಿ ಅದರ ಬೆಲೆ ಎಷ್ಟು ಅಂತ ಅಣ್ಣನೋ ಭಾವನೋ ಫೋನಿನಲ್ಲಿ ಹೇಳಿರ್ತಿದ್ದರು. ಫಾರ್ಮಿನಲ್ಲಿ ನೋಡಿದರೆ 'ಒಂದು ಮನೆಗೆ ಒಂದೇ ರಿಬೇಟ್' ಅಂತ ಷರತ್ತು. ಆಗ ಒಂದು ಮನೆ ನಾಲ್ಕಾಗುತ್ತಿತ್ತು: ಒಬ್ಬನ ವಿಳಾಸ 12, ಇನ್ನೊಬ್ಬನದು 12ಎ, ಮತ್ತೊಬ್ಬ ಆಫೀಸಿನ ವಿಳಾಸ ಕೊಟ್ಟ, ನಾಲ್ಕನೆಯವನು ನ್ಯೂಜೆರ್ಸಿಯ ದೊಡ್ಡಪ್ಪನ ಮಗನ ಮನೆ. ಮೂರು ತಿಂಗಳ ಆನ್‌ಸೈಟ್‌ಗೆ ಬಂದವರ ಪಾಡು ಬೇರೆ. ಚೆಕ್ ಬರುವ ಹೊತ್ತಿಗೆ ಅವರು ಜಯನಗರದಲ್ಲಿ. ಅಮೆರಿಕದ ಬ್ಯಾಂಕಿನ ಮೇಲೆ ಬರೆದ 30 ಡಾಲರಿನ ಚೆಕ್ಕನ್ನು ಇಲ್ಲಿ ನಗದು ಮಾಡಿಸಲು ಹೋದರೆ ಬ್ಯಾಂಕಿನ ಶುಲ್ಕಕ್ಕೇ ಅದು ಸರಿಹೋಗುತ್ತಿತ್ತು. ಅವರೂ ಬ್ರೇಕೇಜ್ ಲೆಕ್ಕಕ್ಕೆ ಸೇರಿದರು.

ಈಗ ನಾನು ಹೇಳಬೇಕಾದ ಮಾತಿಗೆ ಬರ್ತೀನಿ. ಬಾರ್‌ಕೋಡ್ ಕತ್ತರಿಸಿದ ಡಬ್ಬವನ್ನು ಅಂಗಡಿಯವನು ವಾಪಸ್ ತಗೊಳ್ಳುತ್ತಿರಲಿಲ್ಲ. ರಿಬೇಟ್ ಕಳಿಸಲು ಎರಡೋ ಮೂರೋ ವಾರದ ಗಡುವು. ಅಂದರೆ ಡಿಸ್ಕು ಒಳ್ಳೆಯದೋ ಕೆಟ್ಟದ್ದೋ ಅಂತ ಆ ಎರಡು ಮೂರು ವಾರದಲ್ಲೇ ತೀರ್ಮಾನ ಮಾಡಬೇಕು. ಕತ್ತರಿ ಹಾಕಿದಿರೋ, ಡಿಸ್ಕು ನಿಮ್ಮದು. ಹಾಕದೆ ಕೂತಿರೋ, 50 ಡಾಲರ್ ಹೋಯಿತು. ಮೂರು ನಾಲ್ಕು ವರ್ಷ ಓಡಬೇಕಾದ ಯಂತ್ರದ ಬಗ್ಗೆ ಹದಿನೈದು ದಿನದಲ್ಲಿ ತೀರ್ಪು! ಅದಕ್ಕೇ ಜನ ಕೊಳ್ಳುವ ಮುಂಚೆ ಬೇರೆಯವರು ಏನಂತಾರೆ ಅಂತ ನೋಡಲು ಮುಗಿಬಿದ್ದದ್ದು.

ಬೇರೆಯವರ ಮಾತು ಸಿಗುವ ಜಾಗಗಳು ಆಗ ತಾನೇ ಹುಟ್ಟಿದ್ದವು. ಅಮೆಜಾನ್ 1995ರಲ್ಲಿ ಅಂಗಡಿ ತೆರೆದ ವರ್ಷವೇ ಗಿರಾಕಿಗಳಿಂದ ರಿವ್ಯೂ ಬರೆಸಲು ಶುರುಮಾಡಿತ್ತು. ಪುಸ್ತಕದ ಅಂಗಡಿಯಲ್ಲಿ ಪುಸ್ತಕವನ್ನು ಬೈಯಲು ಬಿಡುವುದು ಆಗ ವಿಚಿತ್ರ ಅನ್ನಿಸಿತ್ತು. 2001ರಲ್ಲಿ ಬಂದ ನ್ಯೂಎಗ್ ಕಂಪ್ಯೂಟರ್ ಬಿಡಿಭಾಗಗಳನ್ನು ಮಾರುವ ತಾಣ. ಅಲ್ಲಿ ನಕ್ಷತ್ರದ ಬದಲು ಮೊಟ್ಟೆ. ಐದು ಮೊಟ್ಟೆ ಬಂದರೆ ಉತ್ತಮ. ನನಗೆ ಆ ತಾಣದಲ್ಲಿ ಇಷ್ಟವಾಗಿದ್ದು ಮೊಟ್ಟೆಗಳಲ್ಲ, ರಿವ್ಯೂ ಪಕ್ಕದಲ್ಲಿ ಸಣ್ಣಗೆ ಹಾಕುತ್ತಿದ್ದ ಒಂದು ಸಾಲು: ಈ ವಸ್ತು ನಿಮ್ಮ ಹತ್ತಿರ ಎಷ್ಟು ದಿನದಿಂದ ಇದೆ? ಹಾರ್ಡ್ ಡಿಸ್ಕಿನ ರಿವ್ಯೂಗಳಲ್ಲಿ ಆ ಸಾಲು ಓದುತ್ತಾ ಹೋದರೆ 'ಒಂದು ದಿನಕ್ಕಿಂತ ಕಡಿಮೆ', 'ಒಂದು ವಾರ', 'ಒಂದು ವಾರದಿಂದ ಒಂದು ತಿಂಗಳು'. ಮದುವೆ ಊಟ ಮುಗಿಸಿ ಕೈತೊಳೆಯುವಾಗಲೇ ಗಂಡ ಹೆಂಡತಿ ಹೇಗಿದ್ದಾರೆ ಅಂತ ಬರೆದ ಹಾಗೆ.

ಅಂಥ ರಿವ್ಯೂಗಳಲ್ಲಿ ಏನಿರತ್ತೆ? ಡಿಸ್ಕು ಬೇಗ ಬಂತು, ಸದ್ದಿಲ್ಲ, ಸೊಗಸಾಗಿದೆ, ಐದು. ಇಲ್ಲವೇ ಬಂದಾಗಲೇ ಸತ್ತಿತ್ತು, ಒಂದು. ಬಂದಾಗಲೇ ಸತ್ತದ್ದರಲ್ಲಿ ಡಿಸ್ಕಿನ ತಪ್ಪೆಷ್ಟು, ಸಡಿಲವಾಗಿ ಪ್ಯಾಕ್ ಮಾಡಿದವನ ತಪ್ಪೆಷ್ಟು, ಡಬ್ಬ ಎಸೆದ ಕೊರಿಯರಿನವನ ತಪ್ಪೆಷ್ಟು ಅಂತ ಒಂದು ಮೊಟ್ಟೆ ಹೇಳಲ್ಲ. ಇನ್ನೊಂದು ಜಾತಿಯ ದೂರು: 80 ಜಿಬಿ ಅಂದ್ರು, ವಿಂಡೋಸ್‌ನಲ್ಲಿ ನೋಡಿದರೆ 74.5 ಇದೆ, ಮೋಸ! ತಯಾರಕರು ಒಂದು ಜಿಬಿ ಅಂದ್ರೆ 100 ಕೋಟಿ ಬೈಟ್ ಅಂತ ಎಣಿಸ್ತಾರೆ, ವಿಂಡೋಸ್ 107 ಕೋಟಿ ಚಿಲ್ಲರೆ ಅಂತ ಎಣಿಸತ್ತೆ. ನಗುವ ವಿಷಯವೇನಲ್ಲ, ಇದೇ ಜಗಳ ಕೋರ್ಟಿಗೂ ಹೋಯಿತು. 2006ರಲ್ಲಿ ವೆಸ್ಟರ್ನ್ ಡಿಜಿಟಲ್, 2007ರಲ್ಲಿ ಸೀಗೇಟ್ ರಾಜಿ ಮಾಡಿಕೊಂಡವು. ಮೊದಲನೆಯವರು ಗಿರಾಕಿಗಳಿಗೆ ಕೊಟ್ಟದ್ದು ಬ್ಯಾಕಪ್ ಸಾಫ್ಟ್‌ವೇರ್. ಇವರ ಡಿಸ್ಕು ಹೋದರೆ ಇರಲಿ ಅಂತಲೋ ಏನೋ.

ಡಿಸ್ಕು ಸಾಯುವುದು ತಮಾಷೆಯಲ್ಲ ಅಂತ ಎಲ್ಲರಿಗೂ ಅರ್ಥವಾಗಿದ್ದು ಐಬಿಎಂನ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿಯಿಂದ. 2000ದಲ್ಲಿ ಬಂದಾಗ ಅದು ವೇಗದಲ್ಲಿ ಮುಂಚೂಣಿ. ಮೊದಮೊದಲು ಬಂದ ವಿಮರ್ಶೆಗಳಲ್ಲಿ ಹೊಗಳಿಕೆಯೋ ಹೊಗಳಿಕೆ. ವರ್ಷ ತಿರುಗುವುದರೊಳಗೆ ಕರಕರ ಸದ್ದು ಮಾಡುತ್ತಾ ಡಿಸ್ಕುಗಳು ಉದುರತೊಡಗಿ, 2001ರಲ್ಲಿ ಮೊಕದ್ದಮೆ ಬಿತ್ತು, ಜನ ಅದನ್ನು ಡೆತ್‌ಸ್ಟಾರ್ ಅಂತ ಕರೆದರು. 2002ರಲ್ಲಿ ಐಬಿಎಂ ಆ ಇಡೀ ವ್ಯಾಪಾರವನ್ನು ಹಿಟಾಚಿಗೆ ಮಾರುವುದಾಗಿ ಹೇಳಿತು. ಮೊದಲ ವಾರದ ರಿವ್ಯೂ ಬರೆದವರು ಯಾರೂ ಸುಳ್ಳು ಹೇಳಿರಲಿಲ್ಲ. ಡಿಸ್ಕು ನಿಜವಾಗಿಯೂ ವೇಗವಾಗಿತ್ತು.

ಅದೇ 2002ರ ಅಕ್ಟೋಬರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಮ್ಯಾಕ್ಸ್‌ಟರ್, ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮೂರೂ ಕಂಪನಿಗಳು ಮನೆಬಳಕೆಯ ಬಹುತೇಕ ಡಿಸ್ಕುಗಳ ವಾರಂಟಿಯನ್ನು ಮೂರು ವರ್ಷದಿಂದ ಒಂದು ವರ್ಷಕ್ಕೆ ಇಳಿಸಿದವು. 2004ರಲ್ಲಿ ಸೀಗೇಟ್ ತಾನಾಗಿ ಅದನ್ನು ಐದು ವರ್ಷಕ್ಕೆ ಏರಿಸಿತು. 2011ರ ಕೊನೆಯಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು, ಕಾರ್ಖಾನೆಗಳು ಮುಳುಗಿ, ಡಿಸ್ಕಿನ ಬೆಲೆ ಗಗನಕ್ಕೆ ಹೋದ ಹೊತ್ತಿನಲ್ಲೇ ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಎರಡೂ ಹಲವು ಮಾಡೆಲ್‌ಗಳ ವಾರಂಟಿಯನ್ನು ಮತ್ತೆ ಇಳಿಸಿದವು. ನನ್ನ ಕೇಳಿದರೆ ಸಾವಿರ ಮೊಟ್ಟೆಗಿಂತ ಈ ಒಂದು ಅಂಕಿ ಹೆಚ್ಚು ಮಾತಾಡತ್ತೆ. ಡಿಸ್ಕಿನ ಬಗ್ಗೆ ಅದನ್ನು ಮಾಡಿದವನೇ ತನ್ನ ಕಿಸೆಯ ದುಡ್ಡಿಟ್ಟು ಬರೆದ ರಿವ್ಯೂ ಅದು. ಆದರೆ 79.99 ಅನ್ನುವ ದಪ್ಪ ಅಕ್ಷರದ ಪಕ್ಕದಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಮ್ಮ ಬಳಗದ ಒಬ್ಬರ ಮನೆಯಲ್ಲಿ ನಡೆದದ್ದು ಹೇಳ್ತೀನಿ. ಮಗಳು ಹುಟ್ಟಿದ್ದು 2003ರಲ್ಲಿ, ಡಿಜಿಟಲ್ ಕ್ಯಾಮೆರಾ ಕೊಂಡದ್ದೂ ಆಗಲೇ. ಫಿಲಂ ರೋಲಿನ ಲೆಕ್ಕ ಇಲ್ಲ, ತೆಗೆದದ್ದೇ ತೆಗೆದದ್ದು. ಎಲ್ಲವನ್ನೂ ರಿಬೇಟಿನಲ್ಲಿ ಕೊಂಡ ಒಂದು ಡಿಸ್ಕಿಗೆ ತುಂಬಿದ್ದರು. ರಿಬೇಟ್ ಚೆಕ್ ಒಂಬತ್ತನೇ ವಾರಕ್ಕೆ ಬಂತು, ಯಾವ ತಕರಾರೂ ಇಲ್ಲದೆ. ಡಿಸ್ಕು ಹದಿನಾಲ್ಕನೇ ತಿಂಗಳಿಗೆ ಹೋಯಿತು. ವಾರಂಟಿ ಮುಗಿದು ಎರಡು ತಿಂಗಳು. ಮುಗಿಯದಿದ್ದರೂ ಸಿಗುತ್ತಿದ್ದದ್ದು ಬೇರೆ ಖಾಲಿ ಡಿಸ್ಕು ಅಷ್ಟೇ. ಡೇಟಾ ತೆಗೆದುಕೊಡುವವರು ಸಾವಿರ ಡಾಲರಿಗಿಂತ ಮೇಲೆ ಕೇಳಿದರು, ಅದೂ ಖಾತ್ರಿ ಇಲ್ಲದೆ. ಊರಿನ ಅಜ್ಜಿಗೆ ಈಮೇಲಿನಲ್ಲಿ ಕಳಿಸಿದ್ದ ಇಪ್ಪತ್ತೋ ಇಪ್ಪತ್ತೆರಡೋ ಚಿತ್ರ ಉಳಿದವು. ಆ ಡಿಸ್ಕಿನ ರಿವ್ಯೂ ಪುಟದಲ್ಲಿ ಆಗಲೂ ಐದಕ್ಕೆ ನಾಲ್ಕೂವರೆ ಇತ್ತು. ಅಷ್ಟು ಹೊತ್ತಿಗೆ ಆ ಮಾಡೆಲ್ ಮಾರಾಟದಲ್ಲೇ ಇರಲಿಲ್ಲ, ಹೋಗಿ ಬರೆದರೂ ಓದುವವರು ಯಾರು?

ನಿಜವಾದ ಆಯುಷ್ಯದ ಲೆಕ್ಕ ಹೊರಬಂದದ್ದು 2007ರ ಫೆಬ್ರವರಿಯಲ್ಲಿ, ಒಂದೇ ಸಮ್ಮೇಳನದ ಎರಡು ಪ್ರಬಂಧಗಳಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ತೋರಿಸಿದ್ದು ಇದು: ಕಂಪನಿಗಳು ಹೇಳುವ ಹತ್ತು ಲಕ್ಷ ಗಂಟೆಯ ಲೆಕ್ಕ ನಂಬಿದರೆ ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕೂ ಕೆಡಬಾರದು, ಆದರೆ ನಿಜದಲ್ಲಿ ಬದಲಾಯಿಸುತ್ತಿದ್ದದ್ದು ಸಾಮಾನ್ಯವಾಗಿ ಎರಡರಿಂದ ನಾಲ್ಕು, ಕೆಲವು ಕಡೆ ಹದಿಮೂರರವರೆಗೂ. ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಕಥೆ ಹೇಳಿದರು. ಓದಲು ಬಲು ಚೆನ್ನಾಗಿದೆ, ಒಂದೇ ಒಂದು ಕೊರತೆ: ಯಾವ ಕಂಪನಿಯ ಡಿಸ್ಕು ಅಂತ ಹೇಳಲಿಲ್ಲ. ಮಳಿಗೆಯಲ್ಲಿ ನಿಂತವನಿಗೆ ಬೇಕಾದದ್ದು ಅದೊಂದೇ. ಹೆಸರು ಹಿಡಿದು ಹೇಳುವ ಧೈರ್ಯ ಮಾಡಿದ್ದು ಕ್ಯಾಲಿಫೋರ್ನಿಯಾದ ಬ್ಯಾಕ್‌ಬ್ಲೇಜ್ ಎಂಬ ಕಂಪನಿ, 2014ರ ಜನವರಿಯಲ್ಲಿ. ಇವರು ಜನರ ಕಡತಗಳ ಬ್ಯಾಕಪ್ ಇಟ್ಟುಕೊಳ್ಳುವವರು. ಥಾಯ್ಲೆಂಡ್ ಪ್ರವಾಹದ ಕಾಲದಲ್ಲಿ ಡಿಸ್ಕು ಸಿಗದೆ, ಕಾಸ್ಟ್‌ಕೋ ಅಂಗಡಿಗಳಿಂದ ಎಕ್ಸ್‌ಟರ್ನಲ್ ಡ್ರೈವ್‌ಗಳನ್ನು ಕೊಂಡು ತಂದು, ತೆಂಗಿನಕಾಯಿ ಸುಲಿದ ಹಾಗೆ ಕವಚ ಸುಲಿದು ಬಳಸಿದವರು. ಯಾವ ಮಾಡೆಲ್ ಎಷ್ಟು ಕೊಂಡೆವು, ಎಷ್ಟು ಸತ್ತವು ಅಂತ ಪಟ್ಟಿಯನ್ನೇ ಹಾಕಿಬಿಟ್ಟರು. ಸೀಗೇಟಿನ ಒಂದು 3 ಟಿಬಿ ಮಾಡೆಲ್ ಅವರಲ್ಲಿ ಎಷ್ಟು ಕೆಟ್ಟದಾಗಿ ಉದುರಿತು ಅಂದ್ರೆ, 2016ರಲ್ಲಿ ಗಿರಾಕಿಗಳು ಹೂಡಿದ ಮೊಕದ್ದಮೆಗೆ ಆ ಅಂಕಿಗಳೂ ಸೇರಿದವು. ಹಗಲು ರಾತ್ರಿ ಓಡುವ ಡಿಸ್ಕಿನ ಲೆಕ್ಕ ಮನೆಯ ಮೇಜಿನ ಡಿಸ್ಕಿಗೆ ಹೊಂದಲ್ಲ ಅಂತ ಆಕ್ಷೇಪಣೆ ಇತ್ತು, ಅದರಲ್ಲಿ ಹುರುಳೂ ಇದೆ. ಆದರೂ ಮೂರು ವರ್ಷ ಕಾದು ಬರೆದ ರಿವ್ಯೂ ಅಂದ್ರೆ ನನಗೆ ಗೊತ್ತಿರುವುದು ಅದೊಂದೇ.

ರಿಬೇಟ್ ಇಷ್ಟರಲ್ಲಿ ಮಲಗಿತ್ತು. ಅದರ ಅವನತಿ ಶುರುವಾದದ್ದು ಸೈಬರ್‌ರಿಬೇಟ್ ಎಂಬ ತಾಣದಿಂದ. ಅಲ್ಲಿ ಸಾಮಾನಿಗೆ ಮಾರುಕಟ್ಟೆಗಿಂತ ಎಷ್ಟೋ ಪಟ್ಟು ಬೆಲೆ, ಆದರೆ ಅನೇಕ ಸಾಮಾನಿನ ಮೇಲೆ ಪೂರ್ತಿ ಹಣ ವಾಪಸ್! ಜನ ಮರೆಯುತ್ತಾರೆ ಅನ್ನುವುದರ ಮೇಲೇ ಕಟ್ಟಿದ ಅಂಗಡಿ. ಸಾವಿರ ಡಾಲರ್ ವಾಪಸ್ ಬರಬೇಕಾದಾಗ ಯಾರು ತಾನೇ ಮರೀತಾರೆ? 2001ರ ಮೇ ತಿಂಗಳಲ್ಲಿ ದಿವಾಳಿ. ಕೋಟ್ಯಂತರ ಡಾಲರ್ ಬಾಕಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಆಮೇಲೆ ಕ್ಯೂಪಿಎಸ್ ಅಂತ ಡ್ರೈವ್‌ಗಳನ್ನು ಮಾರುವ ಕಂಪನಿ 15ರಿಂದ 100 ಡಾಲರಿನವರೆಗೆ ರಿಬೇಟ್ ಘೋಷಿಸಿ, ಕೊಡದೆ, 2002ರಲ್ಲಿ ಮುಳುಗಿತು. ಅದನ್ನು ಮಾರಿದ ಅಂಗಡಿ ಕಾಂಪ್‌ಯುಎಸ್‌ಎ. ದೂರುಗಳು ಬರುತ್ತಿದ್ದರೂ ಆ ರಿಬೇಟನ್ನು ಜಾಹೀರಾತು ಮಾಡುತ್ತಲೇ ಇತ್ತು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಿಡಿದುಕೊಂಡಿತು. 2005ರ ರಾಜಿಯಲ್ಲಿ ಮುಳುಗಿದವನ ಬಾಕಿಯನ್ನೂ ಅಂಗಡಿಯೇ ತೀರಿಸಬೇಕಾಯಿತು. ಅದೇ ವರ್ಷ ಬೆಸ್ಟ್ ಬೈ ಎರಡು ವರ್ಷದಲ್ಲಿ ಅಂಚೆ ರಿಬೇಟ್ ನಿಲ್ಲಿಸ್ತೀವಿ ಅಂತ ಘೋಷಿಸಿತು. ಗಿರಾಕಿಗಳಿಗೆ ರೋಸಿಹೋಗಿತ್ತು.

ಆದರೆ ರಿಬೇಟ್ ಸತ್ತಿರಲಿಲ್ಲ, ವೇಷ ಬದಲಿಸಿತ್ತು. ರಿವ್ಯೂಗಳಿಗೆ ಬೆಲೆ ಇದೆ ಅಂತ ಎಲ್ಲರಿಗೂ ಗೊತ್ತಾಗಿತ್ತು. 2004ರಲ್ಲಿ ಅಮೆಜಾನಿನ ಕೆನಡಾ ತಾಣದಲ್ಲಿ ತಾಂತ್ರಿಕ ದೋಷದಿಂದ ಅನಾಮಧೇಯ ರಿವ್ಯೂಗಳ ಅಸಲಿ ಹೆಸರುಗಳು ಕಾಣಿಸಿಬಿಟ್ಟಾಗ, ತಮ್ಮ ಪುಸ್ತಕಕ್ಕೆ ತಾವೇ ಐದು ನಕ್ಷತ್ರ ಕೊಟ್ಟುಕೊಂಡ ಲೇಖಕರು ಸಿಕ್ಕಿಬಿದ್ದಿದ್ದರು. 2009ರ ಜನವರಿಯಲ್ಲಿ ಬೆಲ್ಕಿನ್ ಕಂಪನಿಯ ನೌಕರನೊಬ್ಬ ರಿವ್ಯೂ ಒಂದಕ್ಕೆ 65 ಸೆಂಟ್ ಕೊಡ್ತೀನಿ ಅಂತ ಕರೆ ಕೊಟ್ಟದ್ದು ಬಯಲಾಯಿತು. ವಸ್ತು ನಿಮ್ಮ ಹತ್ತಿರ ಇರಬೇಕಾಗಿಲ್ಲ, ಇದ್ದ ಹಾಗೆ ಬರೆದರಾಯಿತು. ಕಂಪನಿಯ ಅಧ್ಯಕ್ಷರು ಕ್ಷಮೆ ಕೇಳಿದರು. ಬಿಟ್ಟಿ ಸಾಮಾನು ಕೊಟ್ಟು ಬರೆಸುವುದನ್ನು ಅಮೆಜಾನ್ 2016ರ ಅಕ್ಟೋಬರಿನಲ್ಲಿ ನಿಷೇಧಿಸಿತು. ಆಮೇಲೆ ಶುರುವಾದದ್ದೇ ಡಬ್ಬದೊಳಗಿನ ಚೀಟಿ: ಐದು ನಕ್ಷತ್ರ ಕೊಟ್ಟು, ಸ್ಕ್ರೀನ್‌ಶಾಟ್ ಕಳಿಸಿ, ಹಣ ವಾಪಸ್ ಪಡೆಯಿರಿ. ನೋಡಿ, ಫಾರ್ಮು, ಸಾಕ್ಷಿ, ಕಾಯುವುದು, ಎಲ್ಲ ಹಳೆಯದೇ. ಆಗ ಬಾರ್‌ಕೋಡ್ ಕತ್ತರಿಸಿ ಕಳಿಸಬೇಕಿತ್ತು, ಈಗ ನಮ್ಮ ಮಾತನ್ನೇ ಕತ್ತರಿಸಿ ಕಳಿಸಬೇಕು. ಮೊದಲಿನದರಲ್ಲಿ ನಷ್ಟವಾಗುತ್ತಿದ್ದದ್ದು ನಮಗೆ ಮಾತ್ರ. ಇದರಲ್ಲಿ ಆ ನಕ್ಷತ್ರ ನಂಬಿ ಮಗಳ ಫೋಟೋ ತುಂಬುವ ಮುಂದಿನವನಿಗೆ.

ಕಾನೂನು ತಡವಾಗಿ ಎದ್ದಿದೆ. ಭಾರತದಲ್ಲಿ 2022ರ ನವೆಂಬರಿನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನಕ ಬಂತು, ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಕೊಡುವ ಅದೇ ಬಿಐಎಸ್‌ನಿಂದ. ಅಮೆರಿಕದಲ್ಲಿ ಸುಳ್ಳು ರಿವ್ಯೂ ಕೊಳ್ಳುವುದನ್ನು ನಿಷೇಧಿಸುವ ನಿಯಮ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಆದರೆ ಕಾನೂನಿಗೆ ನಿಲುಕದ್ದು ಒಂದಿದೆ: ರಿವ್ಯೂ ಸತ್ಯವೇ, ವಸ್ತುವೇ ಬೇರೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ 'ರೆಡ್' ಡಿಸ್ಕುಗಳಲ್ಲಿ ಕೆಲವಕ್ಕೆ, ಬರೆಯುವಾಗ ನಿಧಾನವಾಗುವ ಎಸ್‌ಎಂಆರ್ ತಂತ್ರವನ್ನು ಹೇಳದೆ ಸೇರಿಸಿದ್ದು ಹೊರಬಂತು. 2021ರಲ್ಲಿ ಕ್ರೂಷಿಯಲ್ ಪಿ2 ಎಸ್‌ಎಸ್‌ಡಿಯ ಒಳಗಿನ ಚಿಪ್ಪು ಬದಲಾಗಿ ನಿಧಾನವಾದದ್ದು ತಿಳಿಯಿತು. ಹೆಸರು ಅದೇ, ಪುಟ ಅದೇ, ಹಳೆಯ ನಕ್ಷತ್ರಗಳೂ ಅವೇ. ಹಾಗಾಗಿ ನಾನು ಸರಾಸರಿ ನೋಡುವುದೇ ಇಲ್ಲ. ಹೊಸದು ಮೊದಲು ಬರುವ ಹಾಗೆ ಜೋಡಿಸಿ, ಎರಡು ಮೂರು ನಕ್ಷತ್ರದವರನ್ನು ಓದ್ತೀನಿ. ಬೈಯುವಾಗಲೂ ತಿಂಗಳು, ಮಾಡೆಲ್ ನಂಬರು ಬರೆಯುವವರು ಅವರೇ. 'ಆರು ತಿಂಗಳ ನಂತರ ತಿದ್ದಿದ್ದು' ಅಂತ ಒಂದು ಸಾಲು ಕಂಡರೆ ಅದು ಚಿನ್ನ.

ಹೋದ ವರ್ಷ ಬೆಂಗಳೂರಿನಲ್ಲೇ ಕೂತು ಒಂದು 1 ಟಿಬಿ ಎಸ್‌ಎಸ್‌ಡಿ ತರಿಸಿದೆ. ಡಬ್ಬದಲ್ಲಿ ಚೀಟಿ ಇತ್ತು: ಐದು ನಕ್ಷತ್ರ, ವಾಟ್ಸಾಪಿಗೆ ಸ್ಕ್ರೀನ್‌ಶಾಟ್, 200 ರೂಪಾಯಿ. ಚೀಟಿಯನ್ನು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡು, ಜರ್ಮನಿಯ ಸಿ'ಟಿ ಪತ್ರಿಕೆಯವರು ಬಿಟ್ಟಿಯಾಗಿ ಹಂಚುವ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿದೆ. ಅದು ಡಿಸ್ಕಿನ ಕೊನೆಯವರೆಗೂ ಬರೆದು, ಮತ್ತೆ ಓದಿ, ಹೇಳಿದಷ್ಟು ಜಾಗ ನಿಜವಾಗಿ ಇದೆಯೋ ಇಲ್ಲವೋ ಹೇಳತ್ತೆ. 16 ಟಿಬಿ ಅಂತ ಸಾವಿರ ರೂಪಾಯಿಗೆ ಮಾರುವ ಡಬ್ಬಗಳಲ್ಲಿ ಒಂದು ಮೆಮೊರಿ ಕಾರ್ಡ್ ಅಂಟಿಸಿರ್ತಾರೆ, ಅದಕ್ಕೇ ಈ ತಾಪತ್ರಯ. ನನ್ನದರಲ್ಲಿ ಜಾಗ ಸರಿಯಾಗಿತ್ತು. 'ಖರೀದಿಸಿದ ವಸ್ತುವಿಗೆ ರಿವ್ಯೂ ಬರೆಯಿರಿ' ಅಂತ ತಾಣದಿಂದ ಆಗಾಗ ಮೆಸೇಜ್ ಬರ್ತಾನೇ ಇದೆ. ಇನ್ನೂ ಹದಿಮೂರು ತಿಂಗಳಷ್ಟೇ ಆಗಿರೋದು, ಬರೆದಿಲ್ಲ.